ಇಲಿಯ ಪಕ್ಕ ಮಿನುಗಿದ ಹನ್ನೆರಡು ಚುಕ್ಕಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಊಟದ ವಾಸನೆ ಬಂದರೂ ಕುರ್ಚಿ ಬಿಡದ ಸಭಿಕರೇ,

ಇಂದು ನಿವೃತ್ತರಾಗುತ್ತಿರುವ ನಮ್ಮ ಪ್ರಯೋಗಾಲಯದ ಮುಖ್ಯಸ್ಥರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ಎಂದಿದ್ದಾರೆ. ನಾಲ್ಕು ಸಿಗುವುದು ಕಷ್ಟ. ನಾನು ಅವರ ಕ್ಯಾಮೆರಾ ನೋಡಿಕೊಳ್ಳುವವಳು. ಅದಕ್ಕೂ ಮೊದಲು ಅವರ ಹೆಂಡತಿ. ಕಾಗದದ ಮೇಲೆ ಈಗಲೂ ಹೌದು. ಎಷ್ಟೋ ವರ್ಷದಿಂದ ಮನೆ ಬೇರೆ, ಕತ್ತಲಕೋಣೆ ಮಾತ್ರ ಒಂದೇ. ನಗಬೇಡಿ, ನಿಮಗೆಲ್ಲ ಗೊತ್ತಿರುವ ವಿಷಯವೇ.

ನಮ್ಮ ಕೆಲಸವೇನು? ಲೇಸರ್ ತಾಗಿ ಸುಟ್ಟ ಚರ್ಮ ಹೇಗೆ ವಾಸಿಯಾಗುತ್ತದೆ ಎಂದು ನೋಡುವುದು. ಮೊದಲೆಲ್ಲ ಹೇಗೆ ನೋಡುತ್ತಿದ್ದೆವು? ಚರ್ಮದ ಚೂರು ಕತ್ತರಿಸಿ. ನೋಡಿದಷ್ಟು ಸಲ ಹೊಸ ಗಾಯ! ಸಾಹೇಬರು ಮನೆಯಲ್ಲೂ ಇದೇ ವಿಧಾನ ಪಾಲಿಸಿದರು. ಜಗಳವಾದರೆ ಗಳಿಗೆಗೊಮ್ಮೆ ಬಂದು, "ಕೋಪ ಹೋಯ್ತಾ? ಈಗ ಹೋಯ್ತಾ?" ಹೊರಟಿದ್ದ ಕೋಪ ಆ ಪ್ರಶ್ನೆ ಕೇಳಿಯೇ ವಾಪಸ್ ಬರುತ್ತಿತ್ತು. ಕೊನೆಗೆ ಕೋಪ ಹೋಗಲಿಲ್ಲ, ನಾನೇ ಹೋದೆ.

ಆಮೇಲೆ ಹೊಸ ವಿಧಾನ ಬಂತು. ಗಾಯವಾದಾಗ ಚರ್ಮದಲ್ಲಿ ಕೆಲವು ಜೀನ್‌ಗಳು ಎಚ್ಚರಗೊಂಡು ದುರಸ್ತಿಗೆ ಇಳಿಯುತ್ತವೆ. ಅಂಥದೊಂದು ಜೀನಿಗೆ ಮಿಂಚುಹುಳದ ಬೆಳಕಿನ ಜೀನನ್ನು ಜೋಡಿಸಿದ ಇಲಿಗಳು ನಮ್ಮಲ್ಲಿವೆ. ದುರಸ್ತಿ ಶುರುವಾದರೆ ಚರ್ಮವೇ ಮಿನುಗುತ್ತದೆ, ಬರಿಗಣ್ಣಿಗೆ ಕಾಣದಷ್ಟು ಮಂದವಾಗಿ. ನಿದ್ದೆ ಬರಿಸಿದ ಇಲಿಯನ್ನು ಕತ್ತಲ ಪೆಟ್ಟಿಗೆಯಲ್ಲಿಟ್ಟು ಕ್ಯಾಮೆರಾ ತೆರೆದು ಕಾಯಬೇಕು. ಕತ್ತರಿಸುವಂತಿಲ್ಲ, ಮುಟ್ಟುವಂತಿಲ್ಲ. ಸುಮ್ಮನೆ ಕಾಯುವುದು! ಯಾರು? ನಮ್ಮ ಸಾಹೇಬರು!

ಒಂದು ದಿನ ಚಿತ್ರದಲ್ಲಿ ಗಾಯದ ಪಕ್ಕದಲ್ಲೇ ಗುಂಡಗೆ ಹನ್ನೆರಡು ಚುಕ್ಕಿ, ನಡುವೆ ಎರಡು ಗೆರೆ ಮಿನುಗಿದವು. ಸಾಹೇಬರು ಕುಣಿದಾಡಿಬಿಟ್ಟರು. "ಜಗತ್ತಲ್ಲಿ ಯಾರೂ ನೋಡಿಲ್ಲ ಕಣೇ ಇದನ್ನ!" ಅಧ್ಯಕ್ಷರೇ, ತಾವೂ ಓಡಿಬಂದು ಅವರ ಬೆನ್ನು ತಟ್ಟಿದಿರಿ, ನೆನಪಿದೆಯೇ? ಮುಂದಿನ ಚಿತ್ರದಲ್ಲಿ ಒಂದು ಗೆರೆ ತುಸು ಸರಿದಿತ್ತು. ನಮ್ಮ ಜೀನು ಗಂಟೆ ತೋರಿಸುತ್ತಿತ್ತು!

ಪೆಟ್ಟಿಗೆ ತೆರೆದೆ. ಇಲಿಯ ಹಾಸಿನ ತೆಳುಬಟ್ಟೆಯಡಿ ಒಂದು ಕೈಗಡಿಯಾರ, ಕತ್ತಲಲ್ಲಿ ಹೊಳೆಯುವ ಮುಳ್ಳಿನದು. ಮದುವೆಯಲ್ಲಿ ನಮ್ಮಪ್ಪ ಅಳಿಯನಿಗೆ ಕೊಟ್ಟದ್ದು. ಎಂದೋ ಎಸೆದಿರುತ್ತಾರೆ ಎಂದುಕೊಂಡಿದ್ದೆ. ದಿನವೂ ನನಗೆ ಕಾಣದಂತೆ ಅಂಗಿಯ ತೋಳಿನೊಳಗೆ ಅಡಗಿಸಿ ಕಟ್ಟಿಕೊಳ್ಳುತ್ತಿದ್ದರಂತೆ. ಅಂದು ನಾನು ದಿಢೀರನೆ ಒಳಬಂದಾಗ ಬಿಚ್ಚಿ ಅಲ್ಲಿ ತುರುಕಿ, ಮರೆತೇಬಿಟ್ಟಿದ್ದರು. ಕತ್ತಲಕೋಣೆಗೆ ಹೊಳೆಯುವ ವಸ್ತು ತರಬಾರದೆಂದು ಬೋರ್ಡು ಹಾಕಿಸಿದವರೂ ಅವರೇ.

ನಿಜವಾದ ಬೆಳಕು ಆಮೇಲೆ ಕಾಣಿಸಿತು, ಅದಕ್ಕೇ ಈ ಸನ್ಮಾನ. ನನಗೆ ಮಾತ್ರ ಆ ತಪ್ಪು ಚಿತ್ರವೇ ದೊಡ್ಡದು. ಅವತ್ತು ಮನೆಗೆ ಹೋಗಿ ಅತ್ತುಬಿಟ್ಟೆ.

ಅಂದಿನಿಂದ ಸಾಹೇಬರು ಒಮ್ಮೆಯೂ "ಕೋಪ ಹೋಯ್ತಾ" ಎಂದು ಕೇಳಲಿಲ್ಲ. ಅಂತೂ ಕಾಯುವುದು ಕಲಿತರು ಎಂದುಕೊಂಡೆ. ಆದರೆ ಕಲಿತದ್ದು ಅತಿಯಾಯಿತು. ನಾಳೆ ಬೆಳಗಿನ ರೈಲಿಗೆ ಅವರ ತಮ್ಮನ ಊರಿಗೆ, ಅಲ್ಲೇ ಇರಲು ಹೊರಟಿದ್ದಾರೆ, ನನ್ನನ್ನು ಒಂದು ಮಾತೂ ಕೇಳದೆ!

ಸಾಹೇಬರೇ, ಗಡಿಯಾರ ನೋಡಿಕೊಳ್ಳುತ್ತಾ ಕೂರಬೇಡಿ. ಇಷ್ಟು ಜನರೆದುರು ಕೊನೆಯದೊಂದು ಸಲ ಕೇಳಿ ನೋಡೋಣ. ಮತ್ತೆ ಗಡಿಯಾರದ ಕಡೆಗೇ ಕಣ್ಣೇ? ಇರಲಿ, ಕೇಳದೆಯೇ ಹೇಳುತ್ತೇನೆ. ಹೋಯ್ತು ಕಣ್ರೀ, ಯಾವತ್ತೋ ಹೋಯ್ತು. ಆ ಟಿಕೆಟ್ ಹರಿದುಹಾಕಿ, ಊಟ ಮುಗಿಸಿ ಮನೆಗೆ ನಡೀರಿ.

ಇಷ್ಟು ಹೊತ್ತು ಮೈಕು ಕಿತ್ತುಕೊಳ್ಳದ ಅಧ್ಯಕ್ಷರಿಗೂ, ಗಡಿಯಾರದ ಪಕ್ಕ ಅಲುಗಾಡದೆ ಮಲಗಿದ್ದ ಆ ಇಲಿಗೂ ನನ್ನ ವಂದನೆಗಳು. ನಮಸ್ಕಾರ.