ವಿರೂಪಾಕ್ಷಮ್ಮನ ಬಲಗೈ

ಕೊಪ್ಪಳದ ಹಿರಿಯ ನಾಗರಿಕರ ಈ ವಾರ್ಷಿಕ ಸಭೆಯ ಅಧ್ಯಕ್ಷರಾದ ದೊಡ್ಡಬಸಪ್ಪನವರೇ, ಇಂದು ನಮ್ಮ ಸನ್ಮಾನ ಸ್ವೀಕರಿಸಲು ಬಂದಿರುವ ಅಕ್ಯುಪಂಕ್ಚರ್ ವೈದ್ಯೆ ಹಸೀನಾಬೇಗಂ ಅವರೇ, ಹೊರಗಿನಿಂದ ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ಮೂವತ್ತೆರಡು ವರ್ಷ ಅಳವಂಡಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು. ಮೈಕು ಸಿಕ್ಕರೆ ಕನಕಪ್ಪ ಮಾಸ್ತರ ಬಿಡುವವನಲ್ಲ ಎಂಬುದು ನಿಮಗೆಲ್ಲ ಗೊತ್ತು. ಆದರೆ ಇಂದು ಡಾಕ್ಟರ ಬಗ್ಗೆ ಮಾತಾಡಬೇಕೆಂದರೆ ನನ್ನ ಮನೆಯ ಸಂಗತಿ ಹೇಳಲೇಬೇಕು. ಮೂರನೇ ಸಾಲಿನಲ್ಲಿ ಕುಳಿತಿರುವ ನನ್ನ ಹೆಂಡತಿ ವಿರೂಪಾಕ್ಷಮ್ಮ ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದಾಳೆ. ಅವಳು ಕ್ಷಮಿಸಬೇಕು.

ನಾಲ್ಕು ವರ್ಷದ ಹಿಂದಿನ ಮಾತು. ಪಕ್ಕದ ಮನೆಯ ಪಕೀರಮ್ಮ ದಿನಾ ಬೆಳಿಗ್ಗೆ ನಮ್ಮಲ್ಲಿಗೆ ಬಂದು ಹೋಗುತ್ತಿದ್ದಳು. ಹರಟೆಗೆ ಬರುತ್ತಾಳೆ ಎಂದುಕೊಂಡಿದ್ದೆ. ಒಂದು ದಿನ ಅಡುಗೆಮನೆಗೆ ಇಣುಕಿದರೆ, ಆಕೆ ನನ್ನ ಹೆಂಡತಿಯ ತಲೆ ಬಾಚುತ್ತಿದ್ದಳು. "ಏನಿದು, ಮದಿವಿ ತಯಾರಿ ಏನು?" ಎಂದು ನಕ್ಕೆ.

ಪಕೀರಮ್ಮ ನಗಲಿಲ್ಲ. "ಮಾಸ್ತರ್ರ, ಅಕ್ಕಾರಿಗೆ ಬಲಗೈ ಎತ್ತಾಕ ಬರವಲ್ದು. ಆರ ತಿಂಗಳಾತು. ನಿಮಗ ಗೊತ್ತಿಲ್ಲೇನ್ರಿ?"

ಸಭಿಕರೇ, ಅದೇ ಮನೆಯಲ್ಲಿ ಉಂಡು ಮಲಗುವ ಗಂಡನಿಗೆ ಗೊತ್ತಿರಲಿಲ್ಲ. ರೊಟ್ಟಿ ದಪ್ಪಗಾಗುತ್ತಿವೆ ಎಂಬುದು ಮಾತ್ರ ಗೊತ್ತಿತ್ತು. ಅದನ್ನು ಹೇಳಿಯೂ ಇದ್ದೆ.

ಮೂಳೆ ಡಾಕ್ಟರಿಗೆ ತೋರಿಸಿದೆವು. ಭುಜದ ಕೀಲು ಬಿಗಿದಿದೆ ಎಂದು ಮಾತ್ರೆ ಕೊಟ್ಟರು, ವ್ಯಾಯಾಮ ಹೇಳಿದರು. ವ್ಯಾಯಾಮಕ್ಕೆ ಕೈಯೇ ಏಳಲಿಲ್ಲ, ಅಷ್ಟು ನೋವು. ಆಗ ಅವರೇ ಹಸೀನಾಬೇಗಂ ಅವರ ದವಾಖಾನೆಗೆ ಕಳಿಸಿದರು.

"ಯಾವಾಗಿಂದ ಐತ್ರಿ ಅಮ್ಮಾ?" ಎಂದು ಇವರು ಕೇಳಿದರು. ಉತ್ತರ ಕೊಡಲು ನಾನು ಬಾಯಿ ತೆರೆದೆ. "ಸರ್, ಬ್ಯಾನಿ ಯಾರದು? ಅವರ ಹೇಳ್ಲಿ" ಎಂದರು. ಮೂವತ್ತೆರಡು ವರ್ಷ ಮಕ್ಕಳನ್ನು ಸುಮ್ಮನಿರಿಸಿದವನನ್ನು ಒಂದೇ ಮಾತಿಗೆ ಸುಮ್ಮನಿರಿಸಿದರು!

ವಿರೂಪಾಕ್ಷಮ್ಮ ಮೆಲ್ಲಗೆ ಹೇಳಿದಳು: "ಅತ್ತಿ ಎರಡು ವರ್ಷ ಹಾಸಿಗಿ ಹಿಡದಿದ್ರು. ಎತ್ತೋದು, ಹೊಳ್ಳಿಸೋದು ಎಲ್ಲಾ ನಾನ ಮಾಡ್ತಿದ್ನಿ. ಅವರು ತೀರಿದ ಮ್ಯಾಲೆ ಚಾಲೂ ಆತ್ರಿ."

"ಮನ್ಯಾಗ ಹೇಳ್ಲಿಲ್ಲೇನ್ರಿ?"

"ಎರಡ ಸಲ ಹೇಳೀನ್ರಿ. ಹೂಂ ಅಂದ್ರು. ಪೇಪರ್ ಓದಾಕತ್ತಿದ್ರು."

ಹಾಸಿಗೆ ಹಿಡಿದಿದ್ದವಳು ನನ್ನ ತಾಯಿ. ಆ ಎರಡು ವರ್ಷ ನಾನೆಲ್ಲಿದ್ದೆ? ಕುಷ್ಟಗಿಯಲ್ಲಿ ಉಪನ್ಯಾಸ, ಯಲಬುರ್ಗಾದಲ್ಲಿ ಉದ್ಘಾಟನೆ, ಗಂಗಾವತಿಯಲ್ಲಿ ಬಹುಮಾನ ವಿತರಣೆ. ಮಾತೃಭಕ್ತಿಯ ಬಗ್ಗೆಯೂ ಮಾತಾಡಿದ್ದೇನೆ, ಚಪ್ಪಾಳೆಯೂ ಬಿದ್ದಿದೆ.

ಇರಲಿ. ಆಮೇಲೆ ಸೂಜಿಗಳು ಬಂದವು, ಕೂದಲಿನಷ್ಟು ಸಣ್ಣವು. ಭುಜಕ್ಕೆ, ಮೊಣಕೈಗೆ, ಅದೇಕೋ ಕಾಲಿಗೂ. ನಾಲ್ಕನೆಯದಕ್ಕೆ ತಲೆ ತಿರುಗಿ ಕುಸಿದವನು ನಾನು! ಸೂಜಿ ಚುಚ್ಚಿಸಿಕೊಂಡವಳು ನಗತೊಡಗಿದಳು. "ನಗಬ್ಯಾಡ್ರಿ ಅಮ್ಮಾ, ಸೂಜಿ ಅಳ್ಳಾಡ್ತಾವು" ಎನ್ನುತ್ತ ಡಾಕ್ಟರೂ ನಕ್ಕರು. ಅವಳ ಆ ನಗು ಕೇಳಿ ಎಷ್ಟು ವರ್ಷವಾಗಿತ್ತೋ!

ಇವರು ಸುಳ್ಳು ಭರವಸೆ ಕೊಡಲಿಲ್ಲ. "ಪೂರಾ ಹೋಗತೈತಿ ಅಂತ ನಾ ಹೇಳಂಗಿಲ್ರಿ. ಕಡಿಮಿ ಆದ್ರ ಕೈ ಆಡಸಾಕ ಧೈರ್ಯ ಬರತೈತಿ" ಎಂದರು.

ಹತ್ತು ಗುರುವಾರ ಅಳವಂಡಿಯಿಂದ ಇಲ್ಲಿಗೆ ಬಸ್ಸಿನಲ್ಲಿ ಬಂದೆವು. ಸೂಜಿ ಇದ್ದ ಅರ್ಧ ಗಂಟೆ ಅವಳು ಅಲುಗಾಡುವಂತಿರಲಿಲ್ಲ, ನಾನು ಪಕ್ಕದಿಂದ ಏಳುವಂತಿರಲಿಲ್ಲ. ಅವಳು ಮಾತಾಡಿದಳು, ನಾನು ಕೇಳಿದೆ. ನನ್ನ ತಾಯಿ ಕೊನೆಗಾಲದಲ್ಲಿ ದಿನಾ ಸಂಜೆ "ಕನಕ ಬಂದನೇನವಾ?" ಎಂದು ಕೇಳುತ್ತಿದ್ದಳೆಂಬುದು ನನಗೆ ಆ ಕೋಣೆಯಲ್ಲಿ ಗೊತ್ತಾಯಿತು. ತಲೆ ಬಾಚುವ ಕೆಲಸವನ್ನು ಪಕೀರಮ್ಮನಿಂದ ನಾನು ವಹಿಸಿಕೊಂಡೆ. ಬೈತಲೆ ಸೊಟ್ಟಗೆ ಬರುತ್ತಿತ್ತು. ಅವಳು ಹಾಗೆಯೇ ಸಂತೆಗೆ ಹೋಗಿಬರುತ್ತಿದ್ದಳು.

ನೋವು ಇಳಿದಂತೆ ವ್ಯಾಯಾಮವೂ ಶುರುವಾಯಿತು. ಆರನೇ ವಾರ ಅವಳ ಕೈ ಕಿವಿ ಮುಟ್ಟಿತು. ನೋವು ಪೂರ್ತಿ ಹೋಗಿಲ್ಲ. ಚಳಿಗೆ ಈಗಲೂ ಹಿಡಿಯುತ್ತದೆ, ತುಂಬಿದ ಕೊಡ ನಾನೇ ಎತ್ತುತ್ತೇನೆ. ಗುಣ ಮಾಡಿದ್ದು ಸೂಜಿಯೋ, ವ್ಯಾಯಾಮವೋ, ಕಾಲವೋ ಎಂದು ಡಾಕ್ಟರನ್ನೇ ಕೇಳಿದೆ. "ಮೂರೂ ಇರಬೇಕ್ರಿ ಸರ್" ಎಂದರು.

ಇವರಿಗೆ ಶಾಲು ಹೊದಿಸುವ ಕೆಲಸವನ್ನು ನೀವು ನನಗೆ ಕೊಟ್ಟಿದ್ದೀರಿ. ಅಧ್ಯಕ್ಷರು ಒಪ್ಪಿದರೆ ಅದನ್ನು ಬಿಟ್ಟುಕೊಡುತ್ತೇನೆ. ವಿರೂಪಾಕ್ಷಿ, ಬಾ, ಮ್ಯಾಲೆ ಬಾ. ನಾಚಬ್ಯಾಡ, ಸಾವಕಾಶ ಬಾ. ಡಾಕ್ಟರೇ, ನೀವು ಎತ್ತರದವರು. ಆದರೂ ದಯವಿಟ್ಟು ಬಗ್ಗಬೇಡಿ. ಅವಳ ಕೈ ಅಲ್ಲಿಯವರೆಗೆ ಹೋಗುತ್ತದೆ.

ನೋಡಿದಿರಾ?

ಈಗ ಮೈಕು ಬಿಡುತ್ತೇನೆ. ಕೇಳಿದ ನಿಮಗೆಲ್ಲ ಕೃತಜ್ಞ. ನಮಸ್ಕಾರ.