ನೋವಿಗೆ ಎಷ್ಟು ಅಂಕ

ಹೊನ್ನಾಳಿಯ ಹಲ್ಲಿನ ಆಸ್ಪತ್ರೆಯೊಂದರಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ, ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಸಂಧ್ಯಾರಾಣಿ. ಎರಡು ವರ್ಷ ಹಾಕಿಕೊಳ್ಳಬೇಕಾದ ಹಲ್ಲಿನ ಕ್ಲಿಪ್ಪನ್ನು ಒಂದೇ ವರ್ಷಕ್ಕೆ ತೆಗೆಸಬಹುದೆಂದು, ಹಲ್ಲು ಬೇಗ ಸರಿಯಲು ಮಗಳು ಮೂರು ದಿನದ ಹಿಂದೆ ಮೇಲಿನ ದವಡೆಯ ಮೂಳೆಗೆ ಸಣ್ಣ ಸಣ್ಣ ತೂತು ಹಾಕಿಸಿಕೊಂಡಿದ್ದರಂತೆ. ಕೆನ್ನೆ ಊದಿ ಬಾಯಿ ತೆರೆಯಲಾಗುತ್ತಿರಲಿಲ್ಲ.

ನರ್ಸ್ ಹಾಳೆ ಹಿಡಿದು ಬಂದರು.

“ಹತ್ತಕ್ಕೆ ಎಷ್ಟು ನೋವೈತೆ, ಸಂಧ್ಯಾ ಮೇಡಂ?”

“ಏನ್ ಮಹಾ ನೋವು? ಎರಡು ಬರ್ಕೊಳ್ರಿ,” ಎಂದರು ತಾಯಿ.

“ಅವರೇ ಹೇಳ್ಬೇಕಮ್ಮಾ.”

“ಅವ್ಳಿಗೆ ಮಾತಾಡಾಕೆ ಆಗಲ್ಲ ರೀ, ಅಷ್ಟು ನೋವು.”

“ಎರಡೇ ಅಂದ್ರಲ್ಲ?”

“ನಮ್ಮ ಮನೇಲಿ ಯಾರೂ ನೋವು ಅಂತ ಬಾಯಿ ಬಿಟ್ಟೋರಲ್ಲ.”

ಮಗಳು ಏನೋ ಗೊಣಗಿದರು.

“ನೋಡ್ರಿ, ಅವ್ಳೂ ಹೂಂ ಅಂತಾಳೆ.”

“ಉಣ್ಣಾಕೆ ಆಗ್ತೈತಾ?”

“ಗಂಜಿ ಕುಡಿತಾಳೆ. ಒಂದು ಲೋಟಕ್ಕೆ ಒಂದು ಗಂಟೆ ಅಳ್ತಾಳೆ, ಅಷ್ಟೇ.”

ನರ್ಸ್ ಹಾಳೆಯಲ್ಲಿ ಎರಡು ಎಂದು ಬರೆದರು. “ಸರಿ. ಎರಡೇ ಅಂದ್ರೆ ಡಾಕ್ಟ್ರು ಕೆಳಗಿನ ದವಡೇನೂ ಇವತ್ತೇ ಮಾಡ್ತಾರೆ. ಒಳಗೆ ಬರ್ರಿ.”

ಸಂಧ್ಯಾರಾಣಿ ಪೆನ್ನು ಕಸಿದುಕೊಂಡು ಎರಡನ್ನು ಹೊಡೆದುಹಾಕಿ, ದೊಡ್ಡದಾಗಿ ಒಂಬತ್ತು ಬರೆದರು.

ನರ್ಸ್ ನಕ್ಕರು. “ಹಂಗಾದ್ರೆ ಇವತ್ತು ಬ್ಯಾಡ. ಡಾಕ್ಟ್ರನ್ನ ಕೇಳಿ ಮಾತ್ರೆ ಬದಲು ಮಾಡಿಸ್ತೀನಿ, ಮುಂದಿನ ವಾರ ಬರ್ರಿ.”

ಮಾತ್ರೆ ಬಂದ ಮೇಲೆ ಇಬ್ಬರೂ ಎದ್ದರು. ಮೆಟ್ಟಿಲಿಳಿಯುವಾಗಲೂ ತಾಯಿಯ ದನಿ ಕೇಳುತ್ತಿತ್ತು.

“ನಾನು ಜೊತೆಗೆ ಬಂದಿದ್ದಕ್ಕೆ ಸರಿಹೋಯ್ತು. ನೀನೊಬ್ಳೇ ಬಂದಿದ್ರೆ ಇವತ್ತೇ ಕೆಳಗಿನ ದವಡೇನೂ ಕೊರೆದು ಕಳಿಸ್ತಿದ್ರು!”