ನೋವಿನ ದಿನ

ಬೆರಳಿಗೆ ಹೊಕ್ಕ ಸೂಜಿಯ ಗಾಯ ತೋರಿಸಲು ಬಂದಿದ್ದ ಹೊಲಿಗೆಯಾಕೆಗೆ ಕಂಡವರ ಮಾತಿಗೆ ಕಿವಿಗೊಡುವ ಚಟವಿರಲಿಲ್ಲ. ಆದರೆ ಕ್ಲಿನಿಕ್ಕಿನ ಬೆಂಚು ಗಿಡ್ಡ, ಸೊಸೆಯನ್ನು ಕರೆತಂದು ಪಕ್ಕದಲ್ಲಿ ಕೂತಿದ್ದ ಅತ್ತೆಯೊಬ್ಬಳ ಗಂಟಲು ದೊಡ್ಡದು. ಡಾಕ್ಟರ ಕೋಣೆಯಿಂದ ಸೊಸೆ ಕಿಬ್ಬೊಟ್ಟೆ ಒತ್ತಿಹಿಡಿದು ಬಂದಳು.

"ಏನಂತೆ?"

"ಕಾಯಿಲೆಯಲ್ವಂತೆ ಅತ್ತೆ. ಮುಟ್ಟಾಗಿ ಎರಡು ವಾರಕ್ಕೆ ಅಂಡ ಬಿಡುಗಡೆಯಾಗುತ್ತಲ್ಲ, ಆಗ ಕೆಲವರಿಗೆ ಒಂದು ಪಕ್ಕ ಹೀಗೆ ನೋಯುತ್ತಂತೆ."

"ನಾನು ಹೇಳ್ಲಿಲ್ವಾ, ನಾಟಕ ಅಂತ."

"ನಿಜವಾದ ನೋವೇ ಅಂದ್ರು. ಮಾತ್ರೆ ಬರೆದಿದ್ದಾರೆ."

ಅತ್ತೆ ಬೆರಳು ಮಡಚಿ ದಿನ ಎಣಿಸಿದಳು.

"ಅಂದ್ರೆ ಅದು ಬಸಿರು ನಿಲ್ಲೋ ದಿನ ತಾನೇ?"

"ಹೂಂ. ಅದರ ಆಸುಪಾಸು."

"ಮೂರು ವರ್ಷದಿಂದ ತಿಂಗಳು ತಿಂಗಳೂ ಅದೇ ದಿನ ಗೋಡೆ ಕಡೆ ತಿರುಗಿ ಮಲಗಿದ್ದೀಯಲ್ಲೇ!"

"ತಡೆಯೋಕಾಗ್ತಿರ್ಲಿಲ್ಲ ಅತ್ತೆ."

"ಜನ ನನ್ನ ಮಗನ್ನ ಆಡ್ಕೊಂಡು ನಕ್ಕರು."

"ನನ್ನನ್ನೂ ಬಂಜೆ ಅಂದ್ರು."

"ಅಂದೋಳು ನಾನು. ಜನರನ್ನ ಯಾಕೆ ದೂರ್ತೀಯ? ಚೀಟಿ ತಾ ಇಲ್ಲಿ."

ಸೊಸೆ ಕೊಟ್ಟಳು. ಅತ್ತೆ ಅದನ್ನು ಮಡಚಿ ತನ್ನ ಚೀಲದ ತಳಕ್ಕೆ ತುರುಕಿದಳು.

"ಮಾತ್ರೆ ಇಲ್ಲೇ ಸಿಗುತ್ತೆ ಅತ್ತೆ."

"ಮಾತ್ರೆ ನುಂಗಿದ್ರೆ ನೋವು ಗೊತ್ತಾಗಲ್ಲ. ನೋವೇ ಗೊತ್ತಾಗದಿದ್ರೆ ದಿನ ಹೇಗೆ ಗೊತ್ತಾಗುತ್ತೆ? ನಡಿ. ಅವನಿಗೆ ಬೇಗ ಮನೆಗೆ ಬಾ ಅಂತ ಫೋನ್ ಮಾಡ್ತೀನಿ."

ಹೊಲಿಗೆಯಾಕೆ ಏನೋ ಹೇಳಹೊರಟವಳು, ಅತ್ತೆಯ ಕಣ್ಣು ತನ್ನತ್ತ ಹೊರಳಿದ್ದೇ ಬೆರಳಿನ ಬಟ್ಟೆ ಸರಿಮಾಡಿಕೊಂಡಳು.

"ಇವತ್ತು ಬೇಡ ಅತ್ತೆ. ತುಂಬಾ ನೋಯ್ತಿದೆ."

"ಅದಕ್ಕೇ ಇವತ್ತು."

ಅತ್ತೆ ಮುಂದೆ, ನಡು ಬಗ್ಗಿಸಿಕೊಂಡು ಸೊಸೆ ಹಿಂದೆ, ಇಬ್ಬರೂ ಔಷಧಿ ಅಂಗಡಿಯನ್ನು ದಾಟಿ ಹೋದರು.